ಬಳ್ಳಾರಿ ಮೇಯರ್ ಹುದ್ದೆ: ಒಂದೇ ವರ್ಷದಲ್ಲಿ ನಿಜಕ್ಕೂ ಏನು ಮಾಡಬಹುದು?

ಕೌಲ್‌ಬಜಾರ್ ಕಟ್ಟೆ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮುಂದಿನ ಪಾಲಿಕೆ ಚುನಾವಣೆಗೆ ನಿಲ್ಲಬೇಕು ಅಂದುಕೊಂಡಿರುವ ಯುವಕ ಯುವತಿಯರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ತಯಾರಾಗುತ್ತಿದೆ. ವಾರ್ಡ್ ಸದಸ್ಯರ ಭಾಗ ಮುಗಿದಿದೆ, ಮೇಯರ್ ಭಾಗಕ್ಕೆ ಬಂದು ನಿಂತಿದೆ. 2023ರಲ್ಲಿ ಡಿ. ತ್ರಿವೇಣಿ ಅವರು 23ನೇ ವಯಸ್ಸಿಗೆ ಬಳ್ಳಾರಿ ಮೇಯರ್ ಆದದ್ದನ್ನು ನೋಡಿ ‘ಇದು ನಮಗೂ ಎಟುಕುವ ಹುದ್ದೆಯೇ?’ ಎಂದು ಕೇಳುವವರು ಇದ್ದಾರೆ.

ತಿಳಿಯಬೇಕಾದ್ದು ಇಷ್ಟು. ಮೇಯರ್ ಆಯ್ಕೆ ಯಾವ ಹಂತಗಳಲ್ಲಿ ನಡೆಯುತ್ತದೆ, ಎಲ್ಲಿ ಎಡವುತ್ತಾರೆ? ಕಮಿಷನರ್ ಇರುವಾಗ ಮೇಯರ್ ಕೈಯಲ್ಲಿ ಉಳಿಯುವುದೇನು? ಮೇಯರ್‌ಗೆ ಇರುವ ಒಂದು ವರ್ಷದ ಅವಧಿ ಮುಗಿದರೂ ಕೆಲಸ ಕಣ್ಣಿಗೆ ಕಾಣದಿರುವುದು ಯಾಕೆ? ಗಾದಿ ಇಳಿದ ಮೇಲೆ ಮುಂದೇನು? ಕಾಯ್ದೆ, ಕಡತ ಗೊತ್ತಿರುವವರು ದಯವಿಟ್ಟು ಬಿಡಿಸಿ ಬರೆಯಿರಿ. ಪಕ್ಷಗಳ ಜಗಳ ಇಲ್ಲಿ ಬೇಡ.

---

ನಡಾವಳಿ ಪುಸ್ತಕ ಉತ್ತರ:

ಆಯ್ಕೆಯ ಭಾಗ ನಾನು ಬರೆಯುತ್ತೇನೆ. ಅಧಿಕಾರದ ವಿಷಯ ಬೇರೆಯವರು ಬರೆಯಲಿ.

ಮೊದಲ ಮಾತು, ಬಳ್ಳಾರಿಯ ಮತದಾರ ಮೇಯರನ್ನು ನೇರವಾಗಿ ಆರಿಸುವುದಿಲ್ಲ. ಆರಿಸುವುದು ವಾರ್ಡ್ ಸದಸ್ಯರನ್ನು, 39 ವಾರ್ಡಿಗೆ 39 ಜನ. ಅವರ ಜೊತೆ ಪಾಲಿಕೆ ವ್ಯಾಪ್ತಿ ತಮ್ಮ ಕ್ಷೇತ್ರಕ್ಕೆ ಸೇರಿರುವ ಲೋಕಸಭಾ ಸದಸ್ಯರು, ಬಳ್ಳಾರಿ ನಗರ ಮತ್ತು ಬಳ್ಳಾರಿ ಗ್ರಾಮೀಣ ಶಾಸಕರು, ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ರಾಜ್ಯಸಭೆ ಹಾಗೂ ವಿಧಾನ ಪರಿಷತ್ ಸದಸ್ಯರು ಪದನಿಮಿತ್ತವಾಗಿ, ಅಂದರೆ ತಮ್ಮ ಹುದ್ದೆಯ ಕಾರಣಕ್ಕೇ ಬಂದು ಮತ ಹಾಕುತ್ತಾರೆ. ಸರ್ಕಾರ ನಾಮನಿರ್ದೇಶನ ಮಾಡುವ ಸದಸ್ಯರು ಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಆದರೆ ಮತ ಇಲ್ಲ. ಅದಕ್ಕೇ ‘39ರಲ್ಲಿ 20 ಸಿಕ್ಕರೆ ಆಯ್ತು’ ಎಂಬ ಲೆಕ್ಕ ಹಾಕಬಾರದು. ಪದನಿಮಿತ್ತ ಸದಸ್ಯರು ಐವರಿದ್ದರೆ ಒಟ್ಟು 44, ಎಲ್ಲರೂ ಬಂದರೆ ಬೇಕಾದದ್ದು 23. ಅಂಚಿನ ಬಹುಮತ ಇರುವ ಕಡೆ ಪರಿಷತ್ ಸದಸ್ಯರೊಬ್ಬರ ಹೆಸರು ಯಾವ ಊರಿನ ಮತದಾರರ ಪಟ್ಟಿಯಲ್ಲಿದೆ ಎಂಬುದೇ ಫಲಿತಾಂಶ ತಿರುಗಿಸಬಲ್ಲದು. ಚುನಾವಣೆಗೆ ಮುಂಚೆ ಆ ಪಟ್ಟಿಯ ಪ್ರತಿ ಪಡೆದು ನೋಡಿಕೊಳ್ಳುವುದು ಒಳ್ಳೆಯದು.

ಮೀಸಲಾತಿಯನ್ನು ನಗರಾಭಿವೃದ್ಧಿ ಇಲಾಖೆ ಅಧಿಸೂಚನೆಯ ಮೂಲಕ ಹೊರಡಿಸುತ್ತದೆ. ಸಾಮಾನ್ಯ, ಸಾಮಾನ್ಯ ಮಹಿಳೆ, ಹಿಂದುಳಿದ ವರ್ಗ ಎ ಮತ್ತು ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇವುಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸರದಿ. ರಾಜ್ಯದ ಪಾಲಿಕೆಗಳನ್ನೆಲ್ಲ ಒಟ್ಟಿಗೆ ಇಟ್ಟು ಸರದಿ ಹಂಚುತ್ತಾರೆ. ಹೀಗಾಗಿ ಸದಸ್ಯ ಎಷ್ಟೇ ಅನುಭವಿ ಆಗಿರಲಿ, ತನ್ನ ವರ್ಗದ ಸರದಿ ತನ್ನ ಐದು ವರ್ಷದೊಳಗೆ ಬರದಿದ್ದರೆ ಮೇಯರ್ ಆಗುವ ದಾರಿಯೇ ಇಲ್ಲ. ಸರದಿ ತಪ್ಪಿದೆ ಎಂದು ಯಾರಾದರೂ ಹೈಕೋರ್ಟಿಗೆ ಹೋದರೆ ಪೂರ್ತಿ ಪ್ರಕ್ರಿಯೆಯೇ ನಿಲ್ಲಬಹುದು.

ಬಳ್ಳಾರಿಯಲ್ಲಿ ಏನಾಯಿತು ನೋಡಿ. ಮತದಾನ 2021ರ ಏಪ್ರಿಲ್ 27ರಂದು. ಕಾಂಗ್ರೆಸ್ 21, ಬಿಜೆಪಿ 13, ಪಕ್ಷೇತರರು 5. ಬಹುಮತ ಸ್ಪಷ್ಟವಾಗಿಯೇ ಇತ್ತು. ಆದರೂ ಮೇಯರ್ ಆಯ್ಕೆ ಆದದ್ದು 2022ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಗೆದ್ದವರೂ ಗೆದ್ದಂತಿರಲಿಲ್ಲ. ಒಂದು ಸಮಾಧಾನ ಎಂದರೆ ಸಂವಿಧಾನದ 243ಯು ವಿಧಿ ಪ್ರಕಾರ ಐದು ವರ್ಷದ ಎಣಿಕೆ ಶುರುವಾಗುವುದು ಮೊದಲ ಸಭೆಗೆ ನಿಗದಿಯಾದ ದಿನದಿಂದ, ಫಲಿತಾಂಶದ ದಿನದಿಂದ ಅಲ್ಲ. ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ, ಬಹಳ ಜನ ತಪ್ಪು ತಿಳಿದಿರುತ್ತಾರೆ.

ಚುನಾವಣೆಯ ದಿನ ಅಧ್ಯಕ್ಷತೆ ವಹಿಸುವವರು ಪ್ರಾದೇಶಿಕ ಆಯುಕ್ತರು. ನಮಗೆ ಕಲಬುರಗಿಯವರು. ನಾಮಪತ್ರಕ್ಕೆ ಸೂಚಕರು, ಅನುಮೋದಕರು ಬೇಕು. ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರ ಲಗತ್ತಿಸಬೇಕು. ಬೆಳಿಗ್ಗೆ ನಾಮಪತ್ರ, ಮಧ್ಯಾಹ್ನ ಸಭೆ ಎಂಬಂತೆ ಒಂದೇ ದಿನದಲ್ಲಿ ಎಲ್ಲ ಮುಗಿಯುವುದರಿಂದ ಒಂದು ಕಾಗದ ಮನೆಯಲ್ಲಿ ಉಳಿದರೂ ತರಲು ಹೊತ್ತಿರುವುದಿಲ್ಲ. ಪ್ರಮಾಣಪತ್ರದ ಸಿಂಧುತ್ವ, ಹೆಸರಿನ ಕಾಗುಣಿತ, ಸಹಿ, ಮೂರನ್ನೂ ಹಿಂದಿನ ದಿನವೇ ನೋಡಿರಬೇಕು. ಪರಿಶೀಲನೆ, ವಾಪಸಾತಿ ಆದ ಮೇಲೆ ಕೈ ಎತ್ತಿ ಮತ. ಗುಟ್ಟಿನ ಮತಪತ್ರ ಇಲ್ಲ. ಯಾರು ಯಾರ ಪರ ಎತ್ತಿದರು ಎಂಬುದು ದಾಖಲಾಗುತ್ತದೆ.

ಆ ದಾಖಲೆ ಯಾಕೆ ಮುಖ್ಯ ಅಂದರೆ, ಸ್ಥಳೀಯ ಸಂಸ್ಥೆಗಳಿಗೆ 1987ರ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸುತ್ತದೆ. ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಕೈ ಎತ್ತಿದರೆ ಸದಸ್ಯತ್ವವೇ ಹೋಗಬಹುದು. ವಿಪ್ ಕೊಡುವ ಪಕ್ಷದವರು ಎಡವುವ ಜಾಗವೂ ಇಲ್ಲೇ ಇದೆ. ಬಾಯಿ ಮಾತಿನಲ್ಲಿ ಹೇಳಿದ್ದು, ವಾಟ್ಸ್‌ಆಪ್‌ನಲ್ಲಿ ಕಳಿಸಿದ್ದು ವಿಚಾರಣೆಯಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಲಿಖಿತ ವಿಪ್, ಅದಕ್ಕೆ ಸ್ವೀಕೃತಿ ಸಹಿ, ಸದಸ್ಯರು ಸಿಗದಿದ್ದರೆ ಮನೆ ಬಾಗಿಲಿಗೆ ಅಂಟಿಸಿ ಸಾಕ್ಷಿಗಳ ಸಮ್ಮುಖ ಪಂಚನಾಮೆ. ಇಷ್ಟು ಇಲ್ಲದೆ ದೂರು ಕೊಟ್ಟರೆ ದೂರು ಬಿದ್ದುಹೋಗುತ್ತದೆ.

ವಯಸ್ಸಿನ ಪ್ರಶ್ನೆಗೆ ಉತ್ತರ: 21 ತುಂಬಿದ್ದರೆ ಸದಸ್ಯರಾಗಬಹುದು. ಮೇಯರ್‌ಗೆ ಬೇರೆ ಕನಿಷ್ಠ ವಯಸ್ಸು ಇಲ್ಲ.

---

ಮೋಕಾ ರೋಡ್ ಉತ್ತರ:

ಅಧಿಕಾರದ ಪ್ರಶ್ನೆಗೆ ಬರೋಣ. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976 ಓದುವಾಗ ಮೊದಲು ಗಮನಿಸಬೇಕಾದ್ದು, ಕಾಯ್ದೆ ಜಾರಿಯ ಹೊಣೆ ಹೊತ್ತ ಪ್ರಾಧಿಕಾರಗಳೆಂದು ಅದು ಹೆಸರಿಸುವುದು ಪಾಲಿಕೆ ಅಂದರೆ ಕೌನ್ಸಿಲ್, ಸ್ಥಾಯಿ ಸಮಿತಿ, ಕಮಿಷನರ್. ಮೇಯರ್ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಚೆಕ್ಕು, ಟೆಂಡರ್, ಸಿಬ್ಬಂದಿ, ನೋಟಿಸ್ ಇವೆಲ್ಲ ಕಮಿಷನರ್ ಸಹಿಯಲ್ಲಿ ನಡೆಯುತ್ತವೆ. ಕಮಿಷನರನ್ನು ನೇಮಿಸುವುದೂ ವರ್ಗ ಮಾಡುವುದೂ ರಾಜ್ಯ ಸರ್ಕಾರ. ‘ನಾಳೆಯಿಂದ ಈ ರಸ್ತೆ ಹಾಕಿ’ ಎಂದು ಮೇಯರ್ ಬಾಯಿಮಾತಿನ ಆದೇಶ ಕೊಟ್ಟರೆ ಎಂಜಿನಿಯರ್ ಹೂಂ ಅನ್ನಬಹುದು, ಕಡತ ಮಾತ್ರ ಅಲ್ಲಾಡುವುದಿಲ್ಲ.

ಹಾಗಾದರೆ ಉಳಿಯುವುದೇನು? ನನ್ನ ಪ್ರಕಾರ ಎರಡೇ, ಆದರೆ ಎರಡೂ ದೊಡ್ಡವು. ಒಂದು ಸಭೆಯ ಕಾರ್ಯಸೂಚಿ. ಇನ್ನೊಂದು ಅನುಪಾಲನಾ ವರದಿ, ಅಂದರೆ ಹಿಂದಿನ ಸಭೆಯ ಠರಾವುಗಳ (ನಿರ್ಣಯಗಳ) ಮೇಲೆ ಏನಾಯಿತು ಎಂಬ ಲೆಕ್ಕ.

ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕು. ಮೇಯರ್ ಅಧ್ಯಕ್ಷತೆ ವಹಿಸುತ್ತಾರೆ, ಮತ ಸಮಬಲವಾದರೆ ನಿರ್ಣಾಯಕ ಮತ ಅವರದು. ಕಮಿಷನರ್ ಸಭೆಯಲ್ಲಿ ವಿವರಣೆ ಕೊಡಬಹುದು, ಮತ ಹಾಕುವಂತಿಲ್ಲ. ಸಭೆ ತಿಂಗಳುಗಟ್ಟಲೆ ಮುಂದೆ ಹೋಯಿತೆಂದರೆ ಮೇಯರ್ ತನ್ನ ಕೈಯಲ್ಲಿದ್ದ ಮುಖ್ಯ ಹತಾರವನ್ನು ಕೆಳಗಿಟ್ಟ ಹಾಗೆ. ಸಭೆ ಇಲ್ಲದ ತಿಂಗಳಲ್ಲಿ ‘ತುರ್ತು’ ಎಂದು ಮಾಡಿದ ಖರ್ಚುಗಳು ಮುಂದಿನ ಸಭೆಗೆ ಘಟನೋತ್ತರ ಅನುಮೋದನೆಗೆ ಬರುತ್ತವೆ. ಕಾರ್ಯಸೂಚಿಯಲ್ಲಿ ಅಂಥ ವಿಷಯಗಳು ಹೆಚ್ಚುತ್ತಿದ್ದರೆ, ಹಣ ಮೊದಲು ಖರ್ಚಾಗಿ ತೀರ್ಮಾನ ಆಮೇಲೆ ಬರುತ್ತಿದೆ ಎಂದೇ ಅರ್ಥ. ಪ್ರತಿಯೊಂದಕ್ಕೂ ‘ತುರ್ತು ಏನಿತ್ತು, ಯಾವ ದಿನ, ಯಾರ ವರದಿ ಮೇಲೆ’ ಎಂದು ಕೇಳಿ ನಡಾವಳಿಯಲ್ಲಿ (ಸಭೆಯ ದಾಖಲೆಯಲ್ಲಿ) ಬರೆಸಬೇಕು.

ಠರಾವಿನ ಭಾಷೆಯಲ್ಲೇ ಅರ್ಧ ಕೆಲಸ ಇದೆ. ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ‘ನಗರದ ರಾಜಕಾಲುವೆಗಳ ಹೂಳು ತೆಗೆಯಲು ಅಗತ್ಯ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.’ ಇದಕ್ಕೆ ಯಾರೂ ಬಾಧ್ಯರಲ್ಲ. ಹೀಗೆ ಬರೆಸಿ ನೋಡಿ:

‘ಲಗತ್ತಿಸಿದ ಪಟ್ಟಿಯಲ್ಲಿರುವ ಕಾಲುವೆಗಳ ಹೂಳನ್ನು ಮೇ 31ರೊಳಗೆ ತೆಗೆಯುವುದು. ತೆಗೆದ ಹೂಳನ್ನು ಅದೇ ದಿನ ಸಾಗಿಸುವುದು, ದಡದಲ್ಲಿ ಬಿಟ್ಟ ಹೂಳಿಗೆ ಬಿಲ್ ಪಾವತಿಸತಕ್ಕದ್ದಲ್ಲ. ಅಳತೆ ಪುಸ್ತಕದಲ್ಲಿ ಹೂಳಿನ ಪ್ರಮಾಣವನ್ನು ಟ್ರಿಪ್ ಲೆಕ್ಕದಲ್ಲಿ ನಮೂದಿಸುವುದು. ಹೊಣೆ: ಪರಿಸರ ಎಂಜಿನಿಯರ್. ವೆಚ್ಚದ ಲೆಕ್ಕ ಶೀರ್ಷಿಕೆಯನ್ನು ಲೆಕ್ಕಾಧಿಕಾರಿ ದೃಢೀಕರಿಸಿದ್ದಾರೆ. ಮುಂದಿನ ಸಾಮಾನ್ಯ ಸಭೆಗೆ ಮೊದಲಿನ ಮತ್ತು ನಂತರದ ಫೋಟೊ ಸಹಿತ ಅನುಪಾಲನಾ ವರದಿ ಮಂಡಿಸುವುದು.’

ದಡದ ಹೂಳಿನ ಸಾಲು ಯಾಕೆ ಬೇಕು ಎಂದರೆ, ದಡದಲ್ಲಿ ಒಣಗಿದ ಹೂಳು ಮೊದಲ ಮಳೆಗೇ ಮತ್ತೆ ಕಾಲುವೆಗೆ ಇಳಿಯುತ್ತದೆ, ಅದೇ ಹೂಳಿಗೆ ಎರಡನೇ ಸಲ ಬಿಲ್ ಆಗುತ್ತದೆ. ದಿನಾಂಕ, ಹೊಣೆ, ಲೆಕ್ಕ ಶೀರ್ಷಿಕೆ (ಹಣ ಯಾವ ಬಾಬ್ತಿನಿಂದ ಎಂಬುದು) ಮೂರೂ ಇಲ್ಲದ ಠರಾವು ಕಾಗದದ ಮೇಲಷ್ಟೇ ಉಳಿಯುತ್ತದೆ.

ಇನ್ನು ‘ಕೆಲಸ ಯಾಕೆ ಕಾಣುವುದಿಲ್ಲ’ ಎಂಬ ಪ್ರಶ್ನೆ. ಒಂದು ರಸ್ತೆಯ ಕಡತ ನಡೆಯುವ ದಾರಿ ನೋಡಿ: ಕ್ರಿಯಾಯೋಜನೆ, ಅದಕ್ಕೆ ಮೇಲಿನ ಅನುಮೋದನೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕೆಟಿಪಿಪಿ (ರಾಜ್ಯದ ಸಾರ್ವಜನಿಕ ಖರೀದಿ ಪಾರದರ್ಶಕತೆ) ಕಾಯ್ದೆಯಂತೆ ಪೋರ್ಟಲ್‌ನಲ್ಲಿ ಟೆಂಡರ್, ತಾಂತ್ರಿಕ ಬಿಡ್, ಆರ್ಥಿಕ ಬಿಡ್, ಒಪ್ಪಂದ, ಕಾರ್ಯಾದೇಶ. ಎಲ್ಲೂ ನಿಲ್ಲದೆ ಹೋದರೂ ನಾಲ್ಕೈದು ತಿಂಗಳು ಬೇಕು. ಒಬ್ಬರೇ ಬಿಡ್ ಹಾಕಿದರೆ, ದರ ಹೆಚ್ಚಾಗಿದ್ದರೆ ಮರುಟೆಂಡರ್, ಮತ್ತೆರಡು ತಿಂಗಳು.

ಇದರ ಮೇಲೆ ನೀತಿ ಸಂಹಿತೆ. 2023ರಲ್ಲಿ ವಿಧಾನಸಭೆಗೆ ಮಾರ್ಚ್ 29ರಂದು ಸಂಹಿತೆ ಬಂತು, ಮೇ ಮಧ್ಯದವರೆಗೆ ಹೊಸ ಕೆಲಸ ಇಲ್ಲ. 2024ರಲ್ಲಿ ಲೋಕಸಭೆಗೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ. ಅದೇ ವರ್ಷ ಸಂಡೂರು ಉಪಚುನಾವಣೆ, ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ ಮತ್ತೆ ಜಿಲ್ಲೆಯಲ್ಲಿ ಸಂಹಿತೆ. 2024ರ ಎರಡೂ ಸೇರಿ ಸುಮಾರು ನಾಲ್ಕು ತಿಂಗಳು. ಒಂದು ವರ್ಷದ ಅವಧಿಯಲ್ಲಿ ನಾಲ್ಕು ತಿಂಗಳು ಇದಕ್ಕೆ, ನಾಲ್ಕೈದು ತಿಂಗಳು ಟೆಂಡರಿಗೆ ಕಳೆದರೆ ಅಡಿಗಲ್ಲು ಹಾಕಿದ ಮೇಯರ್ ಒಬ್ಬರು, ಕೆಲಸ ಮುಗಿಯುವಾಗ ಕುರ್ಚಿಯಲ್ಲಿರುವವರು ಇನ್ನೊಬ್ಬರು. ಪಕ್ಷದೊಳಗೆ ‘ಆರಾರು ತಿಂಗಳು’ ಎಂಬ ಒಪ್ಪಂದ ಇದ್ದರಂತೂ ಟೆಂಡರ್ ತೆರೆಯುವ ಮೊದಲೇ ರಾಜೀನಾಮೆ ಪತ್ರ ತಯಾರಾಗಿರುತ್ತದೆ. ಊರಿಗೆ ಇದರಿಂದ ಆಗುವ ನಷ್ಟ ಬಹಳ, ಇದನ್ನು ಎಲ್ಲ ಪಕ್ಷಗಳೂ ಬಿಡಬೇಕು.

ಆದ್ದರಿಂದ ಹೊಸ ಮೇಯರ್‌ಗೆ ಹೇಳುವುದು ಒಂದೇ: ಟೆಂಡರ್ ಬೇಡದ, ಅಥವಾ ಈಗಾಗಲೇ ಕಾರ್ಯಾದೇಶ ಆಗಿ ನಿಂತಿರುವ ಕೆಲಸಗಳನ್ನು ಮೊದಲು ಹಿಡಿಯಿರಿ. ನಿಂತ ಬೀದಿದೀಪ, ಅರ್ಧಕ್ಕೆ ಬಿಟ್ಟ ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್, ಕಸದ ಆಟೊ ಟಿಪ್ಪರ್‌ಗಳ ಸಮಯ, ಖಾತಾ ಅರ್ಜಿಗಳ ಬಾಕಿ. ಇವು ಸಹಿಯಿಂದ ಮತ್ತು ಬೆನ್ನು ಹತ್ತುವುದರಿಂದ ಆಗುವ ಕೆಲಸಗಳು.

---

ಕೌಲ್‌ಬಜಾರ್ ಕಟ್ಟೆ:

ಇಬ್ಬರಿಗೂ ಧನ್ಯವಾದ ಸರ್. ಹಣದ ಬಗ್ಗೆಯೂ ಸ್ವಲ್ಪ ಹೇಳಿ. ‘ಗಣಿ ದುಡ್ಡು ಇರುವ ಊರಲ್ಲವಾ, ಪಾಲಿಕೆಗೇನು ಕಮ್ಮಿ’ ಎಂದು ಕೇಳುತ್ತಾರೆ.

---

ಡಿಸಿಬಿ ಲೆಕ್ಕ ಉತ್ತರ:

ಗಣಿ ದುಡ್ಡು ಪಾಲಿಕೆಯದ್ದಲ್ಲ ಮೇಡಂ/ಸರ್. ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ ಪ್ರತ್ಯೇಕ ಟ್ರಸ್ಟ್, 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು. ಹಳೆಯ ಗುತ್ತಿಗೆಗಳಿಂದ ರಾಜಧನದ 30%, ಹರಾಜಾದ ಗುತ್ತಿಗೆಗಳಿಂದ 10% ಅಲ್ಲಿಗೆ ಹೋಗುತ್ತದೆ. ಗಣಿಬಾಧಿತ ಪ್ರದೇಶಕ್ಕೆ ಮೊದಲ ಆದ್ಯತೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಹಾಗೇ, ತೀರ್ಮಾನ ಕಲಬುರಗಿಯಲ್ಲಿ. ಎರಡರಲ್ಲೂ ಮೇಯರ್ ಪ್ರಸ್ತಾವನೆ ಕಳಿಸಬಹುದು, ಮಂಜೂರು ಮಾಡಲಾಗದು. ಅಂದಾಜು ಪಟ್ಟಿ ಸಹಿತ ತಯಾರಿರುವ ಪ್ರಸ್ತಾವನೆಗೆ ಬೆಲೆ ಇದೆ, ಬರೀ ಮನವಿ ಪತ್ರಕ್ಕೆ ಇಲ್ಲ.

ಪಾಲಿಕೆ ಕೈಗೆ ಬರುವ ಅನುದಾನಕ್ಕೂ ಹಣೆಪಟ್ಟಿ ಇರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಬಳ್ಳಾರಿಯಂಥ ನಗರಗಳಿಗೆ 60% ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು, 40% ಮಾತ್ರ ಮುಕ್ತ. ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಹಣದ ದೊಡ್ಡ ಪಾಲು ವೇತನ, ವಿದ್ಯುತ್ ಬಿಲ್ಲಿಗೆ ಹೋಗುತ್ತದೆ. ಸ್ವಂತ ಸಂಪನ್ಮೂಲದಲ್ಲಿ 24.10% ಪರಿಶಿಷ್ಟ ಜಾತಿ-ಪಂಗಡಕ್ಕೆ, 7.25% ಇತರ ಬಡವರಿಗೆ, 5% ಅಂಗವಿಕಲರಿಗೆ ಎತ್ತಿಡಬೇಕು. ಈ ಹಣ ಖರ್ಚಾಗದೆ ಬ್ಯಾಂಕಿನಲ್ಲಿ ಕೂತಿರುವುದು ಬಹಳ ಕಡೆ ಕಾಣುವ ರೋಗ. ಫಲಾನುಭವಿಗಳ ಪಟ್ಟಿ ವಾರ್ಡ್‌ಗಳಿಂದ ಸಮಯಕ್ಕೆ ಬರುವುದಿಲ್ಲ, ಮಾರ್ಚ್ ಬಂದುಬಿಡುತ್ತದೆ. ಟ್ರೈಸಿಕಲ್‌ಗಾಗಿ ಕಾಯುವವರು ಇನ್ನೊಂದು ವರ್ಷ ಕಾಯುತ್ತಾರೆ. ಮೇಯರ್ ಜುಲೈ ಒಳಗೆ ಪಟ್ಟಿ ತರಿಸಿದರೆ ಇದು ಪೂರ್ತಿ ತಪ್ಪುತ್ತದೆ.

ನಿಜವಾದ ಸ್ವಾತಂತ್ರ್ಯ ಇರುವುದು ಆಸ್ತಿ ತೆರಿಗೆಯಲ್ಲಿ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ, ಜೂನ್ ನಂತರ ತಿಂಗಳಿಗೆ 2% ದಂಡ. ಬೇಡಿಕೆ-ವಸೂಲಿ-ಬಾಕಿ ತಃಖ್ತೆ, ನಾವು ಡಿಸಿಬಿ ಅನ್ನುವುದು, ಅದನ್ನು ವಾರ್ಡ್‌ವಾರು ತೆಗೆಸಿ. ಮನೆಗಳ ಬಾಕಿಗಿಂತ ವಾಣಿಜ್ಯ ಕಟ್ಟಡ, ಸರ್ಕಾರಿ ಕಚೇರಿಗಳ ಸೇವಾ ಶುಲ್ಕ, ಪಾಲಿಕೆ ಮಳಿಗೆಗಳ ಬಾಡಿಗೆ ಬಾಕಿ ಮೊದಲು ನೋಡಿ. ಹರಾಜಿನ ಅವಧಿ ಮುಗಿದ ಮಳಿಗೆಗಳು ಹಳೇ ಬಾಡಿಗೆಗೆ, ಕೈ ಬದಲಾಗಿ ನಡೆಯುತ್ತಿರುತ್ತವೆ. ಅಳತೆಯಲ್ಲೂ ನೋಡಬೇಕಾದ್ದಿದೆ: ನೆಲಮಹಡಿ ಮಾತ್ರ ಘೋಷಿಸಿ ಮೇಲೆ ಎರಡು ಮಹಡಿ ಕಟ್ಟಿದ್ದು, ಮನೆ ಎಂದು ಘೋಷಿಸಿ ಜೀನ್ಸ್ ಹೊಲಿಗೆ ಘಟಕ ನಡೆಸುತ್ತಿರುವುದು. ಸ್ವಯಂ ಘೋಷಣೆ ಪದ್ಧತಿಯಲ್ಲಿ ಶೇಕಡಾವಾರು ಮರುಪರಿಶೀಲನೆ ಮಾಡದಿದ್ದರೆ ಇದು ಹೊರಗೆ ಬರುವುದೇ ಇಲ್ಲ.

ಬಜೆಟ್ ಬಗ್ಗೆ ಒಂದು ಮಾತು. ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿ ಮೂಲಕ ಬರುತ್ತದೆ. ಸಮಿತಿಗಳು ನಾಲ್ಕು: ತೆರಿಗೆ-ಹಣಕಾಸು-ಮೇಲ್ಮನವಿ; ಆರೋಗ್ಯ-ಶಿಕ್ಷಣ-ಸಾಮಾಜಿಕ ನ್ಯಾಯ; ನಗರ ಯೋಜನೆ; ಲೆಕ್ಕಪತ್ರ. ಮೇಯರ್ ಆಯ್ಕೆಯಾದ ಉತ್ಸಾಹದಲ್ಲಿ ಈ ಸಮಿತಿಗಳ ಚುನಾವಣೆ ಮರೆತರೆ ಕಡತಗಳು ಮುಂದೆ ಹೋಗಲು ದಾರಿಯೇ ಇರುವುದಿಲ್ಲ. ಮೇಯರ್ ಆದ ಬೆನ್ನಲ್ಲೇ ಸಮಿತಿಗಳನ್ನು ರಚಿಸಿ.

---

ನವರಂಗ ದರ್ವಾಜಾ, ರಾಯಚೂರು ಉತ್ತರ:

ನಮ್ಮ ರಾಯಚೂರೂ ಈಗ ಮಹಾನಗರ ಪಾಲಿಕೆ ಆಗ್ಯದ, ಹಾಗಾಗಿ ಈ ಚರ್ಚೆ ನಮಗೂ ಬೇಕಾದದ್ದೇ. ಮೇಲಿನವರು ನೀರಿನ ಬಗ್ಗೆ ಬರೆದಿಲ್ಲ, ನಾನು ಅದನ್ನೇ ಹೇಳ್ತೀನಿ. ಮೇಯರ್ ಉಳಿದದ್ದರಲ್ಲಿ ಸೋತರೂ ಜನ ಸಹಿಸಬಹುದು, ನೀರಲ್ಲಿ ಸೋತರೆ ಜೀವ ಹೋಗ್ತದ. 2022ರ ಮೇ-ಜೂನ್‌ನಲ್ಲಿ ರಾಯಚೂರಿನಲ್ಲಿ ಕಲುಷಿತ ನೀರಿನಿಂದ ಸಾವುಗಳಾದವು.

ಕೊಳೆ ಹೇಗೆ ಸೇರ್ತದ ಅನ್ನೋದು ಪ್ರತಿ ಸದಸ್ಯರಿಗೂ ಗೊತ್ತಿರಬೇಕು. ಶುದ್ಧೀಕರಣ ಘಟಕದಲ್ಲಿ ಮರಳಿನ ಫಿಲ್ಟರ್ ಬೆಡ್ ಕಾಲಕಾಲಕ್ಕೆ ತೊಳೆಯದಿದ್ದರೆ ಅಲ್ಲಿಂದಲೇ ಶುರು. ಅಲ್ಲಿ ಸರಿ ಇದ್ದರೂ ಎರಡನೇ ಜಾಗ ಬೀದಿ. ನಮ್ಮ ಕಡೆ ನೀರು ದಿನಾ 24 ತಾಸು ಬರಂಗಿಲ್ಲ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರ್ತದ, ನಿಲ್ಲಿಸಿದಾಗ ಖಾಲಿಯಾಗಿ ಒಳಗೆ ಎಳೆತ ಹುಟ್ತದ. ಮನೆಯ ಸರ್ವಿಸ್ ಪೈಪ್ ಚರಂಡಿಯೊಳಗಿಂದ ಹಾದುಹೋಗಿ ಅಲ್ಲೊಂದು ಸಣ್ಣ ಬಿರುಕಿದ್ದರೆ ಚರಂಡಿ ನೀರನ್ನ ಅದು ಹೀರಿಕೊಳ್ತದ. ಮರುದಿನ ಮೊದಲು ಬರುವ ನೀರು ಅದೇ. ಮನೆಮನೆಗೆ ಮೋಟರ್ ಹಚ್ಚಿ ಎಳೆದರೆ ಈ ಹೀರುವಿಕೆ ಇನ್ನೂ ಜಾಸ್ತಿ. ಆದ್ದರಿಂದ ಚರಂಡಿ ದಾಟುವ ಸರ್ವಿಸ್ ಪೈಪ್‌ಗಳ ವಾರ್ಡ್‌ವಾರು ಪಟ್ಟಿ ಮಾಡಿಸಿ, ಮೇಲೆತ್ತಿ ಹಾಕಿಸೋದು ಕಡಿಮೆ ಖರ್ಚಿನಲ್ಲಿ ದೊಡ್ಡ ಫಲ ಕೊಡುವ ಕೆಲಸ.

ಪರೀಕ್ಷೆ ಮಾಡೋದು ಟ್ಯಾಂಕಿನ ಹತ್ತಿರ ಅಲ್ಲ, ಲೈನಿನ ಕಟ್ಟಕಡೆಯ ನಲ್ಲಿಯಲ್ಲಿ. ಅಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಅದನ್ನ ಅಳೆಯೋ ಕ್ಲೋರೋಸ್ಕೋಪ್ ಸಣ್ಣ ಡಬ್ಬಿ, ವಾಲ್ವ್‌ಮನ್ ಕೈಗೇ ಕೊಡಬಹುದು. ಬ್ಲೀಚಿಂಗ್ ಪೌಡರ್ ಹೊಸದಿದ್ದಾಗ ಸುಮಾರು 33% ಕ್ಲೋರಿನ್ ಇರ್ತದ, ನಮ್ಮ ಬಿಸಿಲಿಗೆ ಚೀಲ ಬಿಚ್ಚಿಟ್ಟರೆ ಅದು ಇಳೀತಾನೇ ಹೋಗ್ತದ. ವರ್ಷದ್ದನ್ನ ಒಮ್ಮೆಲೆ ಖರೀದಿಸಿ ತಗಡಿನ ಶೆಡ್ಡಿನಲ್ಲಿ ಇಟ್ಟರೆ ಬೇಸಿಗೆಗೆ ಹಾಕೋದು ಬರೀ ಸುಣ್ಣ ಅಂತ ತಿಳೀರಿ.

---

ಮೋಕಾ ರೋಡ್:

ಬಹಳ ಮುಖ್ಯವಾದ ಮಾತು. ಬಳ್ಳಾರಿಗೆ ಇದರ ಮೇಲೆ ಕಾಲುವೆಯ ಲೆಕ್ಕವೂ ಸೇರುತ್ತದೆ. ಅಲ್ಲೀಪುರ, ಮೋಕಾ ಕೆರೆಗಳು ತುಂಬುವುದು ತುಂಗಭದ್ರಾ ಕಾಲುವೆಯಿಂದ. ಕಾಲುವೆ ಯಾವಾಗ ಬಿಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಎಂಬುದು ನೀರಾವರಿ ಸಲಹಾ ಸಮಿತಿ ಸಭೆಯ ಕಡೆ ನೋಡಿ ತಿಳಿಯಬೇಕು. ನಿಲ್ಲಿಸುವ ಮುಂಚೆ ಕೆರೆ ಪೂರ್ತಿ ತುಂಬಿರಬೇಕು, ಅದನ್ನು ನೋಡಿಕೊಳ್ಳುವುದು ಪಾಲಿಕೆ ಮತ್ತು ಜಿಲ್ಲಾಡಳಿತದ ಹೊಣೆ.

ಕೈಪಿಡಿಗೆ ಒಂದು ಸರಳ ಲೆಕ್ಕ ಕೊಡುತ್ತೇನೆ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 4.10 ಲಕ್ಷ. ಒಳಚರಂಡಿ ಇರುವ ಊರಿಗೆ ತಲಾ ದಿನಕ್ಕೆ 135 ಲೀಟರ್ ಮಾನದಂಡ. ಅಂದರೆ ದಿನಕ್ಕೆ ಸುಮಾರು 55 ದಶಲಕ್ಷ ಲೀಟರ್ (55 ಎಂಎಲ್‌ಡಿ). ಕಾಲುವೆ 60 ದಿನ ನಿಂತರೆ ಸುಮಾರು 0.12 ಟಿಎಂಸಿ ಅಡಿ ನೀರು ಬಳಕೆಗೇ ಬೇಕು. ಆವಿ, ಸೋರಿಕೆ ಇದರಲ್ಲಿಲ್ಲ. ಜನಸಂಖ್ಯೆ ಈಗ ಇನ್ನೂ ಹೆಚ್ಚು. ಹಾಗಾಗಿ ಜನವರಿ ಸಭೆಯಲ್ಲೇ ‘ಇಂದು ಕೆರೆಯ ಮಟ್ಟ ಎಷ್ಟು, ಹೂಳು ಕಳೆದು ಬಳಕೆಗೆ ಸಿಗುವುದೆಷ್ಟು, ಎಷ್ಟು ದಿನಕ್ಕೆ’ ಎಂದು ಮೂರು ಅಂಕಿ ನಡಾವಳಿಯಲ್ಲಿ ಬರೆಸಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಸೀಮೆ ದಿಗಿಲುಬಿದ್ದಿತ್ತು. ಕಾಲುವೆಯನ್ನೇ ನಂಬಿದ ಊರಿಗೆ ಕೆರೆಯ ಅಂಕಿ ಪ್ರತಿ ತಿಂಗಳೂ ಕೈಯಲ್ಲಿರಬೇಕು.

---

ನಡಾವಳಿ ಪುಸ್ತಕ:

ಗಾದಿ ಇಳಿದ ಮೇಲಿನ ಪ್ರಶ್ನೆ ಉಳಿದಿದೆ. ಒಂದು ವರ್ಷ ಮುಗಿದ ಮೇಲೂ ಅವರು ಅವಧಿ ಮುಗಿಯುವವರೆಗೆ ವಾರ್ಡ್ ಸದಸ್ಯರೇ. ಆಗ ಲೆಕ್ಕಪತ್ರ ಸ್ಥಾಯಿ ಸಮಿತಿಗೆ ಹೋದರೆ ಅನುಭವ ಕೆಲಸಕ್ಕೆ ಬರುತ್ತದೆ, ಲೆಕ್ಕಪರಿಶೋಧನೆಯ ಆಕ್ಷೇಪಣೆಗಳನ್ನು ಓದಬಲ್ಲ ಸದಸ್ಯರು ಪ್ರತಿ ಪಾಲಿಕೆಗೂ ಬೇಕು. ಮುಂದಿನ ಚುನಾವಣೆಯಲ್ಲಿ ವಾರ್ಡಿನ ಮೀಸಲಾತಿ ಬದಲಾದರೆ ಅದೇ ವಾರ್ಡ್ ಸಿಗದು. ಅಲ್ಲಿಂದ ಮೇಲಕ್ಕೆ ಹೋದವರು ದೇಶದಲ್ಲಿ ಇದ್ದಾರೆ. ದೇವೇಂದ್ರ ಫಡಣವೀಸ್ ನಾಗಪುರದ ಸದಸ್ಯರಾಗಿ 1992ರಲ್ಲಿ, ಮೇಯರ್ ಆಗಿ 1997ರಲ್ಲಿ, ಮುಖ್ಯಮಂತ್ರಿಯಾಗಿ 2014ರಲ್ಲಿ. ತಿರುವನಂತಪುರದಲ್ಲಿ ಆರ್ಯಾ ರಾಜೇಂದ್ರನ್ 2020ರಲ್ಲಿ 21ನೇ ವಯಸ್ಸಿಗೆ ಮೇಯರ್ ಆದರು. ಆದರೆ ಕೇರಳದಲ್ಲಿ ಮೇಯರ್ ಅವಧಿ ಐದು ವರ್ಷ. ಬಳ್ಳಾರಿಯ ಒಂದು ವರ್ಷದ ಜೊತೆ ಅದನ್ನು ಹೋಲಿಸಿ ನಮ್ಮವರನ್ನು ದೂರುವುದು ಸರಿಯಲ್ಲ.

ರಾಜಕೀಯ ಜೀವನ ಅರ್ಧಕ್ಕೇ ಮುಗಿಯುವ ದಾರಿಗಳನ್ನೂ ಬರೆಯಿರಿ. ಸದಸ್ಯರು ಅಧಿಕಾರ ವಹಿಸಿಕೊಂಡ ಒಂದು ತಿಂಗಳೊಳಗೆ, ಆಮೇಲೆ ಪ್ರತಿ ವರ್ಷ, ತಮ್ಮ ಮತ್ತು ಕುಟುಂಬದ ಆಸ್ತಿ ವಿವರ ಸಲ್ಲಿಸಬೇಕು. 1976ರ ಪಾಲಿಕೆ ಕಾಯ್ದೆಯ 19ನೇ ಕಲಂ. ಸಲ್ಲಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ಎರಡನೆಯದು ಪಾಲಿಕೆಯ ಗುತ್ತಿಗೆ ಅಥವಾ ಮಳಿಗೆಯಲ್ಲಿ ನೇರವಾಗಿಯೋ ಮನೆಯವರ ಹೆಸರಲ್ಲೋ ಪಾಲು ಹೊಂದುವುದು. ಬೆಳಗಾವಿಯಲ್ಲಿ 2025ರಲ್ಲಿ ತಿನಿಸು ಕಟ್ಟೆಯ ಮಳಿಗೆಗಳ ವಿಷಯದಲ್ಲಿ ಇಬ್ಬರು ಸದಸ್ಯರ ಸದಸ್ಯತ್ವ ರದ್ದುಮಾಡಿ ಪ್ರಾದೇಶಿಕ ಆಯುಕ್ತರು ಆದೇಶ ಹೊರಡಿಸಿದ್ದರು. ‘ಹೆಂಡತಿ ಹೆಸರಲ್ಲಿದೆ, ನನ್ನದಲ್ಲ’ ಎಂಬ ಮಾತಿನ ಮೇಲೆ ಭರವಸೆ ಇಡಬೇಡಿ.

ಹೆಣ್ಣುಮಕ್ಕಳಿಗೆ ವಿಶೇಷವಾಗಿ ಒಂದು ಮಾತು. ಸಭೆಯಲ್ಲಿ ಗಂಡ, ಅಣ್ಣ, ಮಾವ ಕೂರಲು ಅವಕಾಶವಿಲ್ಲ, ಕಡತ ನೋಡಲೂ ಇಲ್ಲ. ಅಧಿಕಾರಿ ‘ಯಜಮಾನರಿಗೆ ಹೇಳ್ತೀನಿ ಬಿಡಿ ಮೇಡಂ’ ಎಂದರೆ ಅಲ್ಲೇ ತಡೆದು, ಮಾಹಿತಿ ತನಗೇ ಲಿಖಿತವಾಗಿ ಕೊಡಿ ಎಂದು ಕೇಳಬೇಕು. ಮೊದಲ ತಿಂಗಳಲ್ಲಿ ಹೀಗೆ ನಿಂತರೆ ಆಮೇಲೆ ಯಾರೂ ಬೇರೆ ಕಡೆ ಫೋನ್ ಮಾಡುವುದಿಲ್ಲ.

---

ಗವಿಮಠದ ದಾರಿ, ಕೊಪ್ಪಳ:

ಕೊಪ್ಪಳದಲ್ಲಿ ಮೇಯರ್ ಇಲ್ಲ, ನಗರಸಭೆ ಅಧ್ಯಕ್ಷರು. ನಮ್ಮದು 1964ರ ಪುರಸಭೆಗಳ ಕಾಯ್ದೆ. ಅಧ್ಯಕ್ಷರ ಅವಧಿ 30 ತಿಂಗಳು, ಹಾಗಾಗಿ ಒಂದು ಟೆಂಡರ್ ಶುರುವಿನಿಂದ ಕೊನೆವರೆಗೆ ಒಬ್ಬರ ಕಾಲದಲ್ಲೇ ಮುಗಿಯಬಹುದು. ಊರು ಪಾಲಿಕೆಯಾದರೆ ಹೆಸರು ದೊಡ್ಡದಾಗುತ್ತದೆ, ಕುರ್ಚಿಯ ಕಾಲ ಚಿಕ್ಕದಾಗುತ್ತದೆ. ಈ ವ್ಯತ್ಯಾಸ ಕೈಪಿಡಿಯಲ್ಲಿ ಇರಲಿ.

---

ಕೌಲ್‌ಬಜಾರ್ ಕಟ್ಟೆ:

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬಾ ಉಪಕಾರ. ಕೊನೆಯದೊಂದು: ಹೊಸ ಮೇಯರ್ ಮೊದಲ ವಾರ ಯಾವ ಯಾವ ಕಡತ ತರಿಸಿಕೊಳ್ಳಬೇಕು?

---

ಡಿಸಿಬಿ ಲೆಕ್ಕ:

ಎಲ್ಲವನ್ನೂ ಲಿಖಿತವಾಗಿ ಕೇಳಿ, ಏಳು ದಿನ ಕೊಡಿ. ಅನುದಾನವಾರು ಬ್ಯಾಂಕ್ ಬಾಕಿ, ಪ್ರತಿ ಖಾತೆಯದ್ದೂ ಬೇರೆಬೇರೆ. ಕಾರ್ಯಾದೇಶ ಆಗಿ ಮುಗಿಯದ ಕಾಮಗಾರಿಗಳ ಪಟ್ಟಿ, ಅವಧಿ ವಿಸ್ತರಣೆ ಎಷ್ಟು ಸಲ ಆಗಿದೆ ಎಂಬುದರ ಜೊತೆ. ಪಾವತಿಯಾಗದ ಬಿಲ್‌ಗಳು ದಿನಾಂಕದ ಸಾಲಿನಲ್ಲಿ, ಯಾಕೆಂದರೆ ಸಾಲು ಮುರಿದು ಪಾವತಿಯಾಗಿದ್ದರೆ ಅಲ್ಲೇ ಕಾಣುತ್ತದೆ. ವಾರ್ಡ್‌ವಾರು ಡಿಸಿಬಿ. ಕೋರ್ಟ್ ಪ್ರಕರಣಗಳ ಪಟ್ಟಿ, ಮುಂದಿನ ದಿನಾಂಕ ಸಹಿತ. ವಕೀಲರು ಹಾಜರಾಗದೆ ಪಾಲಿಕೆ ಜಾಗ ಕಳೆದುಕೊಳ್ಳುವುದು ಹೀಗೇ. ಕಳೆದ ಹನ್ನೆರಡು ತಿಂಗಳ ನೀರಿನ ಪರೀಕ್ಷಾ ವರದಿ, ಮಾದರಿ ತೆಗೆದ ಜಾಗದ ಹೆಸರಿನೊಂದಿಗೆ.

ಆಮೇಲೆ ಪೌರಕಾರ್ಮಿಕರ ಹಾಜರಿ. 700 ಜನಸಂಖ್ಯೆಗೆ ಒಬ್ಬರು ಎಂಬುದು ರಾಜ್ಯದ ಮಾನದಂಡ, 2011ರ ಲೆಕ್ಕಕ್ಕೇ ಬಳ್ಳಾರಿಗೆ ಸುಮಾರು 585 ಜನ ಬೇಕು. ಪಟ್ಟಿಯಲ್ಲಿ ಎಷ್ಟು ಹೆಸರಿದೆ, ಬೆಳಿಗ್ಗೆ ಆರಕ್ಕೆ ಬೀದಿಯಲ್ಲಿ ಎಷ್ಟು ಜನ ಇದ್ದಾರೆ, ಕೈಗವಸು ಮತ್ತು ಬೂಟು ಕೊನೆಯ ಸಲ ಯಾವಾಗ ಕೊಟ್ಟರು, ಪಿಎಫ್ ಮತ್ತು ಇಎಸ್‌ಐ ಕಟ್ಟಿದ ಚಲನ್ ಎಲ್ಲಿದೆ. ಈ ನಾಲ್ಕಕ್ಕೂ ಆರೋಗ್ಯ ಶಾಖೆಯಿಂದ ಸಹಿ ಮಾಡಿದ ಉತ್ತರ ಬರಬೇಕು. ಉತ್ತರ ಬರದ ವಿಷಯವನ್ನು ಮೊದಲ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಒಂದನೇ ಕ್ರಮಸಂಖ್ಯೆಯಾಗಿ ಹಾಕಿ.